ರೇಷ್ಮೆ ಹುಳ + ಹಳೇ ಮದರ್‌ಬೋರ್ಡ್ ಮ್ಯಾಕ್ರೊ (ತೀರಾ ಹತ್ರದ ಫೋಟೊ): ಸ್ಟ್ಯಾಕ್ ಮಾಡಿದ್ರೆ ಹುಳಕ್ಕೆ ಎರಡೆರಡು ತಲೆ ಬರ್ತಿದೆ, ಸಹಾಯ ಮಾಡಿ

ಗೂಡುಮನೆ (ಶಿಡ್ಲಘಟ್ಟ):
ಎಲ್ಲರಿಗೂ ನಮಸ್ಕಾರ. ನಮ್ಮನೇಲಿ ರೇಷ್ಮೆ ಸಾಕ್ತೀವಿ. ಅಟ್ಟದ ಮೇಲೆ ಕೆಟ್ಟ ಕಂಪ್ಯೂಟರ್ ಒಂದು ಬಿದ್ದಿತ್ತು, ಅದರ ಮದರ್‌ಬೋರ್ಡ್ ಬಿಚ್ಚಿ ಅದ್ರ ಮೇಲೆ ಹಣ್ಣಾದ (ಗೂಡು ಕಟ್ಟಕ್ಕೆ ಬಂದ) ಹುಳ ಬಿಟ್ಟು ಗೂಡು ಕಟ್ಟೋದನ್ನ ತೆಗೀತಿದೀನಿ. ಒಂದು ಕೆಪಾಸಿಟರ್‌ನಿಂದ ಇನ್ನೊಂದಕ್ಕೆ ಎಳೆ ಹಾಕುತ್ತೆ, ಕೆಳಗೆ ತಾಮ್ರದ ಗೆರೆ ಮೇಲೆ ರೇಷ್ಮೆ ಗೆರೆ, ಕಣ್ಣಲ್ಲಿ ನೋಡಿದ್ರೆ ಮೈ ಜುಂ ಅನ್ನುತ್ತೆ, ಫೋಟೊದಲ್ಲಿ ಮಾತ್ರ ಬರ್ತಾನೇ ಇಲ್ಲ.

ಕ್ರಾಪ್ ಸೆನ್ಸರ್ ಕ್ಯಾಮೆರಾ, 50 ಎಂಎಂ ಲೆನ್ಸ್, 68 ಎಂಎಂ ಎಕ್ಸ್‌ಟೆನ್ಶನ್ ಟ್ಯೂಬ್ (ಕ್ಯಾಮೆರಾಗೂ ಲೆನ್ಸಿಗೂ ಮಧ್ಯೆ ಹಾಕೋ ಖಾಲಿ ಕೊಳವೆ), ಕ್ಯಾಮೆರಾ ಹಿಂದೆ ಮುಂದೆ ಸರಿಸೋ ಒಂದು ರೈಲ್. ಬೆಳಕಿಗೆ ಎಲ್‌ಇಡಿ ಬಲ್ಬ್ ಹತ್ರ ತಂದಿದೀನಿ. ಲೆನ್ಸಿನ ಕಿಂಡಿ ಚಿಕ್ಕದು ಮಾಡಿ ಎಫ್/22 ಇಟ್ರೆ ಎಲ್ಲಾ ಮಬ್ಬು ಮಬ್ಬು. ಎಫ್/8, ಶಟರ್ 1/250 ಸೆಕೆಂಡ್ ಇಟ್ಟು ಸ್ಟ್ಯಾಕ್ ಮಾಡಿದ್ರೆ (ಫೋಕಸ್ ಚೂರು ಚೂರು ಸರಿಸಿ ತೆಗೆದ ಫೋಟೊಗಳನ್ನ ಒಂದಾಗಿ ಸೇರಿಸಿದ್ರೆ) ಅಡ್ಡಡ್ಡ ಪಟ್ಟೆ ಬೀಳುತ್ತೆ, ಹುಳದ ತಲೆ ಎರಡು ಮೂರು ಕಡೆ ಕಾಣುತ್ತೆ, ಸೋಲ್ಡರ್ (ಬೋರ್ಡಿನ ಬೆಸುಗೆ ಲೋಹ) ಬೇರೆ ಬೆಳ್ಳಗೆ ಹೊಡೀತಿದೆ. ನಾಲ್ಕು ರಾತ್ರಿ ಆಯ್ತು.

ಕೋಲಾರಲೆನ್ಸ್:
ಫ್ರೇಮ್ ಚೆನ್ನಾಗಿದೆ ಗುರು, ಬಿಡಬೇಡ. ಮಬ್ಬಿಗೆ ಕಾರಣ ಲೆನ್ಸ್ ಅಲ್ಲ, ಡಿಫ್ರಾಕ್ಷನ್, ಅಂದ್ರೆ ಕಿಂಡಿ ತೀರಾ ಚಿಕ್ಕದಾದ್ರೆ ಬೆಳಕು ಹರಡೋದು. 50ರ ಲೆನ್ಸಿಗೆ 68 ಟ್ಯೂಬ್ ಅಂದ್ರೆ 1.36 ಪಟ್ಟು ಮ್ಯಾಗ್ನಿಫಿಕೇಶನ್, ಅದಕ್ಕೆ 1 ಸೇರಿಸಿ ಎಫ್ ನಂಬರಿಂದ ಗುಣಿಸು, ನಿನ್ನ ಎಫ್/22 ನಿಜವಾಗಿ ಎಫ್/52 ಥರ ಕೆಲಸ ಮಾಡ್ತಿದೆ. ಎಫ್/5.6ರಿಂದ 8ರೊಳಗೆ ಇರು. ಎಫ್/8ನಲ್ಲಿ ಅರ್ಧ ಮಿಲಿಮೀಟರ್ ಕೂಡ ಫೋಕಸ್ ಸಿಗಲ್ಲ, ಹಾಗಾಗಿ ಕಾಲು ಮಿ.ಮೀ. ಕಾಲು ಮಿ.ಮೀ. ಸರಿಸ್ಕೊಂಡು ಹೋಗು, 1 ಸೆಂ.ಮೀ. ಆಳಕ್ಕೆ ನಲವತ್ತು ಫೋಟೊ ಬೇಕಾಗುತ್ತೆ.

ಪಟ್ಟೆ ಬಲ್ಬಿಂದು. ನಮ್ಮ ಕರೆಂಟು 50 ಹರ್ಟ್ಜ್, ಕಡಿಮೆ ರೇಟಿನ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿಣುಕುತ್ತೆ. 1/100 ಇಲ್ಲಾ 1/50 ಇಟ್ರೆ ಹೋಗುತ್ತೆ, ಬಲ್ಬ್ ಆರಿಸಿ ಫ್ಲ್ಯಾಶ್‌ನಲ್ಲಿ ತೆಗೆದ್ರೆ ಇನ್ನೂ ಒಳ್ಳೇದು, 1/32 ಪವರ್ ಸಾಕು. ಫ್ಲ್ಯಾಶಿಗೂ ಹುಳಕ್ಕೂ ಮಧ್ಯೆ ಬಟರ್ ಪೇಪರ್ ಬಗ್ಗಿಸಿ ನಿಲ್ಲಿಸು, ಹುಳಕ್ಕೆ ಎಷ್ಟು ಹತ್ರ ಇರುತ್ತೋ ಸೋಲ್ಡರ್ ಮೇಲಿನ ಹೊಳಪು ಅಷ್ಟು ಮೆತ್ತಗಾಗುತ್ತೆ. ಬರೀ ಪೋಲರೈಸರ್ (ಹೊಳಪು ಕಡಿಮೆ ಮಾಡೋ ಫಿಲ್ಟರ್) ಹಾಕಿದ್ರೆ ಲೋಹದ ಹೊಳಪು ಹೋಗಲ್ಲ, ದುಡ್ಡು ಹಾಕ್ಬೇಡ.

ಎರಡು ತಲೆಗೆ ನನ್ನತ್ರ ಉತ್ತರ ಇಲ್ಲ, ಅದು ಅಲ್ಲಾಡ್ತಿದೆ ಅಷ್ಟೇ.

ಸೊಪ್ಪಿನತೋಟ (ಚಿಂತಾಮಣಿ):
ಗೂಡು ಕಟ್ಟೋ ಹುಳ 8 ಬರೆದಂಗೆ ತಲೆ ಆಡಿಸ್ತಾನೇ ಇರ್ತೈತೆ ತಮ್ಮ, ಎರಡು ಮೂರು ದಿನ ನಿಲ್ಲಲ್ಲ, ಅದನ್ನ ನಲವತ್ತು ಫೋಟೊ ಎಲ್ಲಿಂದ ತೆಗೀತೀಯ. ನೀನು ಹುಳ ಸಾಕೋ ಮನೆಯವನು, ಪೊರೆ ಬಿಡಕ್ಕೆ ಮುಂಚೆ ಜ್ವರಕ್ಕೆ ಕೂತಿರೋ ಹುಳ ನೋಡಿಲ್ವಾ? ಸೊಪ್ಪು ಬಿಟ್ಟು ಕತ್ತೆತ್ಕೊಂಡು ಒಂದು ದಿನದ ಹತ್ತತ್ರ ಕಲ್ಲಿನಂಗೆ ಕೂತಿರ್ತೈತೆ. ಕೂರೋ ಮುಂಚೆ ಕಾಲಿಗೆ ಆಸರೆಗೆ ನಾಲ್ಕು ಎಳೆ ರೇಷ್ಮೇನೂ ಹಾಕ್ಕೊಂತೈತೆ, ನಿಂಗೆ ಬೇಕಾಗಿರೋದೂ ಅದೇ ತಾನೇ.

ಆದ್ರೆ ಕೂತಮೇಲೆ ಎತ್ತಿ ಬೋರ್ಡ್ ಮೇಲೆ ಇಡಬೇಡ, ಕಾಲು ಕಿತ್ತು ಬಂದ್ರೆ ಪೊರೆ ಬಿಡಕ್ಕಾಗದೆ ಸಾಯ್ತೈತೆ. ಬೋರ್ಡ್ ಒರೆಸಿ ಎರಡು ದಿನ ಗಾಳಿಗಿಟ್ಟು ಬೇರೆ ತಟ್ಟೇಲಿಡು, ಮೇಲೆ ಸೊಪ್ಪಾಕಿ ನಾಲ್ಕನೇ ಜ್ವರಕ್ಕೆ ಮುಂಚಿನ ಹುಳ ಎರಡೇ ಎರಡು ಬಿಡು, ಅದೇ ಜಾಗ ನೋಡ್ಕೊಂಡು ಕೂರ್ಲಿ. ಆ ಹುಳ ತಿರ್ಗ ಸಾಕೋ ಹುಳದ ಜೊತೆ ಸೇರಿಸ್ಬೇಡ, ಹಳೇ ಸೋಲ್ಡರಲ್ಲಿ ಸೀಸ ಇರ್ತೈತೆ.

ಗೂಡುಮನೆ:
ಅಣ್ಣ, ಹುಟ್ಟಿದಾಗಿಂದ ನೋಡಿರೋದು, ಹೊಳೀಲೇ ಇಲ್ಲ. ಅಪ್ಪನ್ನ ಕೇಳಿ ಎರಡು ಹುಳ ಇಸ್ಕೊಂಡೆ.

ಗೂಡುಮನೆ (ಆರು ದಿನ ಆದ್ಮೇಲೆ):
ಬಂತು! ಒಂದು ಹುಳ ಬೋರ್ಡ್ ಬಿಟ್ಟು ತಟ್ಟೆ ಅಂಚಿಗೆ ಹೋಯ್ತು, ಇನ್ನೊಂದು ಎರಡು ಕೆಪಾಸಿಟರ್ ಮಧ್ಯೆ ಕೂತ್ಕೊಳ್ತು. ಎಫ್/5.6, ಫ್ಲ್ಯಾಶ್, ಬಟರ್ ಪೇಪರ್, 44 ಫೋಟೊ. ಮೊದಲನೇ ಸಲ ಮರದ ಬೆಂಚ್ ಅಲ್ಲಾಡಿ ಕೆಟ್ಟೋಯ್ತು, ಕಡಪ ಕಲ್ಲಿನ ಮೇಲಿಟ್ಟು 2 ಸೆಕೆಂಡ್ ಟೈಮರ್ ಹಾಕಿದ್ಮೇಲೆ ಸರಿಹೋಯ್ತು. ತಲೆ ಹಿಂದೆ ಹೊಸ ತಲೆ ತಿಳಿ ಕಂದು ಬಣ್ಣಕ್ಕೆ ಉಬ್ಬಿರೋದು, ಕಾಲಿಂದ ಸೋಲ್ಡರ್‌ಗೆ ಹಿಡ್ಕೊಂಡಿರೋ ಎಳೆ, ಎಲ್ಲಾ ಒಂದೇ ಫೋಟೊದಲ್ಲಿ ಇದೆ.

ಮಾರನೇ ದಿನ ಹುಳ ಪೊರೆ ಬಿಟ್ಟು ಸೊಪ್ಪು ತಿನ್ನಕ್ಕೆ ಶುರು ಮಾಡ್ತು. ಪೊರೆ ಆ ಎಳೆಗೇ ಅಂಟ್ಕೊಂಡು ಕೆಪಾಸಿಟರ್ ಪಕ್ಕ ಉಳಿದಿದೆ, ಇವತ್ತು ರಾತ್ರಿ ಅದನ್ನ ತೆಗೀತೀನಿ.