ಹಳೆ ಮನೆ ಮೇಲೆ ಮಹಡಿ: ಆರ್ಕಿಟೆಕ್ಟ್ ಬೇಕಾ?

ಕುವೆಂಪುನಗರದವ: ಮೈಸೂರಲ್ಲಿ 30x40 ಸೈಟು, ಅಪ್ಪ 1988ರಲ್ಲಿ ಕಟ್ಟಿಸಿದ ಮನೆ. ಪಿಲ್ಲರ್ ಇಲ್ಲ, ಇಟ್ಟಿಗೆ ಗೋಡೆ ಮೇಲೇ ಮೋಲ್ಡ್ ನಿಂತಿದೆ. ಮೇಲೆ ಎರಡು ರೂಮು ಬೇಕು. ಮೇಸ್ತ್ರಿ "ಆರ್ಕಿಟೆಕ್ಟ್ ಸುಮ್ನೆ ದುಡ್ಡು ದಂಡ" ಅನ್ನುತ್ತಾರೆ. ಹೌದಾ?

ಗೋಡೆಗುಬ್ಬಿ: ಮೇಸ್ತ್ರಿ ಮಾತಿಗೆ ತಲೆ ಆಡಿಸಬೇಡಿ. ಪಿಲ್ಲರ್ ಇಲ್ಲ ಅಂದ್ರೆ ಮೊದಲು ಸ್ಟ್ರಕ್ಚರಲ್ ಎಂಜಿನಿಯರ್ ಬರಬೇಕು. ಪಾಯದ ಪಕ್ಕ ಗುಂಡಿ ತೋಡಿಸಿ, ಕಲ್ಲು ಎಷ್ಟು ಆಳ ಎಷ್ಟು ಅಗಲ ಇದೆ ನೋಡಿ, ಭಾರ ತಡೆಯುತ್ತೋ ಇಲ್ವೋ ಅವರು ಹೇಳಲಿ. ಒಳ್ಳೆ ಆರ್ಕಿಟೆಕ್ಟ್ ಆದರೆ ಅವರೇ ಎಂಜಿನಿಯರನ್ನು ಕರೆಸುತ್ತಾರೆ.

ಮಹಡಿಮೆಟ್ಟಿಲು: ಕಾರ್ಡಿನಲ್ಲಿ ಆರ್ಕಿಟೆಕ್ಟ್ ಅಂತ ಇದ್ದರೆ ಸಾಲದು. 1972ರ ಕಾಯ್ದೆ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಇರಬೇಕು, ನಂಬರು ಸಿಎ ಅಂತ ಶುರುವಾಗುತ್ತೆ. ಇನ್ನೊಂದು, ಹೊಸ ಮನೆ ಫೋಟೊ ಬೇಡ, ಹಳೆ ಮನೆ ಮೇಲೆ ಕಟ್ಟಿದ್ದನ್ನು ತೋರಿಸಿ ಅನ್ನಿ. ಹಳೆ ಮೋಲ್ಡೂ ಹೊಸ ಗೋಡೆಯೂ ಸೇರುವ ಕಡೆ ಮಳೆಗಾಲದಲ್ಲಿ ನೀರು ಇಳಿಯುತ್ತಾ ಅಂತ ಆ ಮನೆಯವರನ್ನೇ ಕೇಳಿ.

ಕುವೆಂಪುನಗರದವ: ಫೀಸು?

ಗೋಡೆಗುಬ್ಬಿ: ಕೆಲವರದು ಚದರಡಿ ಲೆಕ್ಕ, ಕೆಲವರದು ಒಟ್ಟು ಖರ್ಚಲ್ಲಿ ಶೇಕಡಾ ಇಷ್ಟು ಅಂತ. ಎಷ್ಟು ಸಲ ಸೈಟಿಗೆ ಬರುತ್ತಾರೆ, ಪಾಲಿಕೆಯಲ್ಲಿ ಪ್ಲ್ಯಾನ್ ಪಾಸ್ ಮಾಡಿಸೋದು ಅದರಲ್ಲೇ ಬಂತಾ, ಮೊದಲೇ ಬರೆಸಿಕೊಳ್ಳಿ.