ಯೂನಿವರ್ಸಿಟಿ ಮೇಲ್ ಐಡಿಯಲ್ಲಿ ಹೋಮ್‌ಸ್ಟೇ ಬುಕಿಂಗ್: ನೋಟಿಸ್ ಬಂದಿದೆ, ಅನುಭವ ಇದ್ದವರು ಹೇಳಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕೊಡಗಿನ ಕಕ್ಕಬ್ಬೆ ಹತ್ತಿರ. ನಾನು ಎಂ.ಎಸ್ಸಿ ಕೊನೇ ಸೆಮಿಸ್ಟರ್. ಎರಡು ವರ್ಷದ ಹಿಂದೆ ಅಪ್ಪ ಮನೆಯ ಎರಡು ರೂಮನ್ನು ಹೋಮ್‌ಸ್ಟೇ ಮಾಡಿದರು. ಬುಕಿಂಗ್ ಸೈಟಿಗೂ ಗೂಗಲ್ ಮ್ಯಾಪಿಗೂ ಒಂದು ಮೇಲ್ ಐಡಿ ಬೇಕಾಗಿತ್ತು. ನನ್ನ ಫೋನಿನಲ್ಲಿ ಯೂನಿವರ್ಸಿಟಿ ಕೊಟ್ಟ ಐಡಿ ತೆರೆದೇ ಇತ್ತು, ಅದನ್ನೇ ಹಾಕಿಬಿಟ್ಟೆ. ಈಗ ಕಂಪ್ಯೂಟರ್ ವಿಭಾಗದಿಂದ ನೋಟಿಸ್ ಬಂದಿದೆ. ಓದಿಗೆ ಸಂಬಂಧವಿಲ್ಲದ ವ್ಯವಹಾರಕ್ಕೆ ಖಾತೆ ಬಳಸಬಾರದು, 15 ದಿನದಲ್ಲಿ ಸರಿಪಡಿಸಬೇಕು ಅಂತ. ಹೇಗೂ ಕೋರ್ಸ್ ಮುಗಿದ ಮೇಲೆ ಖಾತೆ ಮುಚ್ಚುತ್ತಾರಂತೆ. ಗೆಸ್ಟ್‌ಗಳ ಮೇಲ್, ರಿವ್ಯೂ, ನನ್ನ ಪ್ರಾಜೆಕ್ಟ್ ಫೈಲು ಎಲ್ಲ ಅದರಲ್ಲೇ ಇವೆ. ಅಪ್ಪನಿಗೆ ಇನ್ನೂ ಹೇಳಿಲ್ಲ. ಯಾರಿಗಾದರೂ ಹೀಗೆ ಆಗಿತ್ತಾ?

ಗೋಣಿಕೊಪ್ಪದಿಂದ, ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವನು

ತಂಗಿ, ಮೊದಲು ಆ ನೋಟಿಸಿಗೆ ಇವತ್ತೇ ಉತ್ತರ ಬರಿ. ತಿಳಿಯದೆ ಹಾಕಿದ್ದೆ, ಇಷ್ಟು ದಿನದಲ್ಲಿ ತೆಗೆಯುತ್ತೇನೆ ಅಂತ ನಾಲ್ಕು ಸಾಲು ಸಾಕು. ನೋಟಿಸ್ ಕಳಿಸುವ ಜಾಗದಲ್ಲಿ ನಾನೂ ಕೂತಿದ್ದೇನೆ. ಉತ್ತರ ಬರೆದವರ ಖಾತೆಯನ್ನು ಒಂದು ದಿನವೂ ಮುಂಚೆ ಮುಚ್ಚಿದವನಲ್ಲ. ಸುಮ್ಮನಿದ್ದವರದ್ದು ಮುಚ್ಚಿದ್ದೇನೆ, ಆಮೇಲೆ ಅವರು ಅಳುತ್ತಾ ಬಂದದ್ದನ್ನೂ ನೋಡಿದ್ದೇನೆ.

ಆಮೇಲೆ ಗೂಗಲ್ ಮ್ಯಾಪಿನ ಪ್ರೊಫೈಲು. ಅಪ್ಪನ ಹೆಸರಲ್ಲಿ ಹೊಸ ಜಿಮೇಲ್ ಮಾಡಿ ಅದನ್ನು ಓನರ್ ಆಗಿ ಸೇರಿಸು. ಇದನ್ನು ಇವತ್ತೇ ಮಾಡು ಅನ್ನುವುದಕ್ಕೆ ಕಾರಣ ಇದೆ: ಹೊಸದಾಗಿ ಸೇರಿದವರಿಗೆ 7 ದಿನ ಪೂರ್ತಿ ಅಧಿಕಾರ ಸಿಗುವುದಿಲ್ಲ. ಅದು ಕಳೆದ ಮೇಲೆ ಅಪ್ಪನ ಐಡಿಯನ್ನು ಪ್ರೈಮರಿ ಓನರ್ ಮಾಡಿ, ನೀನು ಹೊರಗೆ ಬಾ. ಹದಿನಾಲ್ಕನೇ ದಿನ ಶುರು ಮಾಡಿದರೆ ಕೈಗೆ ಸಿಗಲ್ಲ. ರಿವ್ಯೂಗಳ ಚಿಂತೆ ಬೇಡ, ಅವು ಪ್ರೊಫೈಲಿಗೆ ಅಂಟಿಕೊಂಡಿರುತ್ತವೆ, ನಿನ್ನ ಮೇಲ್ ಐಡಿಗಲ್ಲ. ಬುಕಿಂಗ್ ಸೈಟಿನಲ್ಲಿ ಐಡಿ ಬದಲಿಸುವಾಗ ಹಳೇ ಮೇಲಿಗೂ ಹೊಸದಕ್ಕೂ ಕೋಡ್ ಬರಬಹುದು. ಎರಡೂ ತೆರೆಯುವ ಹಾಗಿರುವಾಗಲೇ ಆ ಕೆಲಸ ಮುಗಿಸು.

ಇನ್ನೊಂದು ವಿಷಯ ನೀನು ಬರೆದಿಲ್ಲ, ಆದರೆ ನನಗೆ ಅದೇ ದೊಡ್ಡದಾಗಿ ಕಾಣುತ್ತಿದೆ. ಬಂದ ಗೆಸ್ಟ್‌ಗಳು ಆಧಾರ್ ಫೋಟೋ, ಹೊರದೇಶದವರಾದರೆ ಪಾಸ್‌ಪೋರ್ಟ್ ಪ್ರತಿ ಮೇಲ್ ಮಾಡಿರುತ್ತಾರಲ್ಲ? ಅವೆಲ್ಲ ಈಗ ಯೂನಿವರ್ಸಿಟಿಯ ಖಾತೆಯಲ್ಲಿ ಕೂತಿವೆ. ಆ ಗೆಸ್ಟ್‌ಗಳು ಕೊಟ್ಟದ್ದು ನಿಮ್ಮ ಮನೆಯನ್ನು ನಂಬಿ. ನಾಳೆ ನಿನ್ನ ಪಾಸ್‌ವರ್ಡ್ ಯಾರ ಕೈಗಾದರೂ ಸಿಕ್ಕಿದರೆ ಯೂನಿವರ್ಸಿಟಿಯವರೂ ಉತ್ತರ ಹೇಳಬೇಕಾಗಬಹುದು. ವ್ಯಾಪಾರಕ್ಕೆ ಬಳಸಬೇಡಿ ಅನ್ನುವುದು ಬರೀ ಗತ್ತಿನ ಮಾತಲ್ಲ ಅಂತ ಇಲ್ಲಿ ಅರ್ಥವಾಗುತ್ತದೆ. ಬೇಕಾದ್ದನ್ನು ಅಪ್ಪನ ಕಡೆ ಇಟ್ಟುಕೊಂಡು, ಅಲ್ಲಿಂದ ಅಳಿಸು, ಟ್ರ್ಯಾಶ್ ಕೂಡ ಖಾಲಿ ಮಾಡು.

ಮೇಲ್, ಫೈಲು ಇಡುವ ಜಾಗದ ಮಾತೂ ಇದೆ. ಮೊದಲು ಶಿಕ್ಷಣ ಸಂಸ್ಥೆಗಳಿಗೆ ಗೂಗಲ್ ಎಷ್ಟು ಬೇಕಾದರೂ ಜಾಗ ಕೊಡುತ್ತಿತ್ತು. 2022ರಿಂದ ಉಚಿತ ಖಾತೆಗೆ ಇಡೀ ಸಂಸ್ಥೆಗೆ ಸೇರಿ 100 ಟಿಬಿ. 20,000 ಖಾತೆ ಇದ್ದರೆ ತಲೆಗೆ 5 ಜಿಬಿ ಬಂತು. ಒಬ್ಬರು ಮದುವೆ ವಿಡಿಯೋ ತುಂಬಿಟ್ಟರೆ ಇನ್ನೊಬ್ಬರ ಥೀಸಿಸ್ಸಿಗೆ ಜಾಗ ಕಮ್ಮಿ.

ವಿರಾಜಪೇಟೆ, ಪಿಎಚ್‌ಡಿ ಮುಗಿಸಿದವಳು

ಪ್ರಾಜೆಕ್ಟ್ ಫೈಲಿನ ಬಗ್ಗೆ ನನ್ನ ಅನುಭವ. ಯೂನಿವರ್ಸಿಟಿ ಕೊಟ್ಟ ಗೂಗಲ್ ಡ್ರೈವಿನ ಫೈಲಿಗೆ ನಿಮ್ಮ ಸ್ವಂತ ಜಿಮೇಲನ್ನು ಮಾಲೀಕ ಮಾಡಲು ಆಗುವುದಿಲ್ಲ, ಸಂಸ್ಥೆಯ ಹೊರಗೆ ಮಾಲಿಕತ್ವ ಹೋಗಲ್ಲ. ನಾನು ಎಲ್ಲವನ್ನೂ ಸ್ವಂತ ಐಡಿಗೆ ಶೇರ್ ಮಾಡಿ, ಆಯಿತು ಅಂದುಕೊಂಡಿದ್ದೆ. ಖಾತೆ ಅಳಿಸಿದ ಮೇಲೆ ಶೇರ್ ಮಾಡಿದ್ದೂ ಹೋಯಿತು. ಅಳಿಸಿದ ಖಾತೆಯನ್ನು ಅಡ್ಮಿನ್ (ಸಂಸ್ಥೆಯ ಖಾತೆಗಳನ್ನು ನೋಡಿಕೊಳ್ಳುವವರು) 20 ದಿನದೊಳಗೆ ವಾಪಸ್ ತರಬಹುದು. ನನಗೆ ಗೊತ್ತಾದಾಗ ಒಂದು ತಿಂಗಳು ದಾಟಿತ್ತು. ತೋಟದಿಂದ ತೋಟಕ್ಕೆ ಅಲೆದು, ಜಿಗಣೆ ಕಚ್ಚಿಸಿಕೊಂಡು ಬರೆದುಕೊಂಡಿದ್ದ ನೆರಳು ಮರಗಳ ಲೆಕ್ಕ ಅದು. ಕಾಗದದಲ್ಲಿದ್ದದ್ದರಿಂದ ಅರ್ಧ ಮಾತ್ರ ಮತ್ತೆ ಟೈಪ್ ಮಾಡಿಕೊಂಡೆ.

ಹಾಗಾಗಿ ಪ್ರತಿ ಮಾಡಿಕೊಳ್ಳಿ. ಗೂಗಲ್ ಟೇಕೌಟ್‌ನಲ್ಲಿ ಮೇಲ್, ಡ್ರೈವ್ ಎರಡನ್ನೂ ಇಳಿಸಿಕೊಳ್ಳಬಹುದು, ನಿಮ್ಮ ಅಡ್ಮಿನ್ ಅದನ್ನು ಬಂದ್ ಮಾಡಿಲ್ಲದಿದ್ದರೆ. ಡೌನ್‌ಲೋಡ್ ಲಿಂಕ್ ಒಂದು ವಾರದಲ್ಲಿ ಕೆಡುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋದರೆ ಟವರೂ ಹೋಗುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಫೈಲನ್ನು 2 ಜಿಬಿಯ ತುಂಡುಗಳಾಗಿ ಕೇಳಿ, ಕ್ಯಾಂಪಸ್ಸಿನಲ್ಲೇ ಕೂತು ಇಳಿಸಿಕೊಳ್ಳಿ. ಮನೆಗೆ ಬಂದು ಮಾಡೋಣ ಅಂತ ಬಿಡಬೇಡಿ.

ಪೇಪರ್ ಪ್ರಕಟಿಸುವವರಿಗೂ ಒಂದು ಮಾತು: ಯೂನಿವರ್ಸಿಟಿ ಐಡಿ ಮಾತ್ರ ಕೊಟ್ಟರೆ ನಾಳೆ ಯಾರಾದರೂ ಬರೆದ ಪತ್ರ ನಿಮಗೆ ಸಿಗಲ್ಲ. ಆರ್ಕಿಡ್ (ORCID, ಸಂಶೋಧಕರ ಗುರುತಿನ ಸಂಖ್ಯೆ) ಖಾತೆಗೆ ಸ್ವಂತ ಮೇಲನ್ನೂ ಸೇರಿಸಿಡಿ. ಕೆಲಸಕ್ಕೆ ಅರ್ಜಿ ಹಾಕುವಾಗಲೂ ಸ್ವಂತದ್ದೇ ಇರಲಿ.

ಮಡಿಕೇರಿ, ಗ್ರಂಥಾಲಯ ಸಿಬ್ಬಂದಿ

ವ್ಯಾಪಾರಕ್ಕಿಂತ ಹೆಚ್ಚು ತೊಂದರೆ ನಾನು ಕಂಡದ್ದು ಪಾಸ್‌ವರ್ಡ್ ಹಂಚುವುದರಲ್ಲಿ. 2025ರ ಜನವರಿ 1ರಿಂದ ಕೇಂದ್ರ ಸರ್ಕಾರದ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಯೋಜನೆ ಶುರುವಾಗಿ, ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಸಿಗುವಂತಾಗಿದೆ. ನಮ್ಮಂಥ ಜಿಲ್ಲೆಯ ಮಕ್ಕಳಿಗೆ ಇದು ಎಂಥ ದೊಡ್ಡ ಬಾಗಿಲು ಅನ್ನುವುದು ಹಿಂದೆ ಒಂದೊಂದು ಲೇಖನಕ್ಕೂ ಮೈಸೂರಿಗೆ ಬಸ್ ಹತ್ತಿದವರಿಗೆ ಗೊತ್ತು. ಆದರೆ ಒಬ್ಬ ವಿದ್ಯಾರ್ಥಿ ತನ್ನ ಲಾಗಿನ್ನನ್ನು ಬೆಂಗಳೂರಿನ ಕಂಪನಿಯಲ್ಲಿದ್ದ ಭಾವನಿಗೆ ಕೊಟ್ಟ. ಭಾವ ರಾತ್ರಿಯೆಲ್ಲ ಪ್ರೋಗ್ರಾಂ ಹಾಕಿ ಸಾವಿರಗಟ್ಟಲೆ ಲೇಖನ ಇಳಿಸಿದ. ಪ್ರಕಾಶಕರಿಗೆ ಒಬ್ಬ ವಿದ್ಯಾರ್ಥಿ ಕಾಣುವುದಿಲ್ಲ, ಸಂಸ್ಥೆ ಕಾಣುತ್ತದೆ. ಇಡೀ ಕ್ಯಾಂಪಸ್ಸಿಗೆ ಅವರ ಜರ್ನಲ್ ಬಂದ್. ಅದೂ ಡಿಸರ್ಟೇಷನ್ ಕೊಡುವ ವಾರ. ನಾನು ಆ ವಾರ ಎಷ್ಟು ಮಕ್ಕಳಿಗೆ "ಸಿಗಲ್ಲ" ಅಂದೆನೋ, ಪ್ರತಿಸಲವೂ ಹೊಟ್ಟೆ ಉರಿಯುತ್ತಿತ್ತು. ಆ ಹುಡುಗ ಕೆಟ್ಟವನಲ್ಲ. ಭಾವನಿಗೆ ಇಲ್ಲ ಅನ್ನಲಾರದೆ ಕೊಟ್ಟವನು.

ದಯವಿಟ್ಟು ಯಾರಿಗೂ ಕೊಡಬೇಡಿ, ಮನೆಯವರಿಗೂ. ಅವರಿಗೆ ಒಂದು ಲೇಖನ ಬೇಕಿದ್ದರೆ ನಮ್ಮನ್ನು ಕೇಳಲಿ, ಲೇಖಕರಿಗೇ ಬರೆದು ಕೇಳುವ ದಾರಿ ತೋರಿಸುತ್ತೇವೆ. ಬಹಳ ಜನ ಲೇಖಕರು ಸಂತೋಷದಿಂದ ಕಳಿಸುತ್ತಾರೆ.

ಸೋಮವಾರಪೇಟೆ ಕಡೆಯವನು

2018ರ ಆಗಸ್ಟ್. ನಾನು ಮೈಸೂರಿನ ಹಾಸ್ಟೆಲಿನಲ್ಲಿದ್ದೆ. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದ ಸುದ್ದಿ, ಮನೆಗೆ ಫೋನ್ ಹೋಗುತ್ತಿಲ್ಲ. ಕೈಕಟ್ಟಿ ಕೂರಲಾಗದೆ, ಕಂಬಳಿ, ಅಕ್ಕಿ ಕೊಡಿ ಅಂತ ಸ್ನೇಹಿತನ ಬ್ಯಾಂಕ್ ಖಾತೆ ನಂಬರ್ ಹಾಕಿ ಇಡೀ ಕ್ಯಾಂಪಸ್ಸಿಗೆ ಮೇಲ್ ಕಳಿಸಿದೆ. ಎಲ್ಲರಿಗೂ ಒಟ್ಟಿಗೆ ಮೇಲ್ ಕಳಿಸಲು ಅನುಮತಿ ಬೇಕು ಅನ್ನುವ ನಿಯಮ ಗೊತ್ತಿತ್ತು. ಇಂಥ ಹೊತ್ತಲ್ಲಿ ನಿಯಮ ಏನು ಅಂದುಕೊಂಡೆ. ಎರಡು ದಿನ ಬಿಟ್ಟು ನನ್ನದೇ ಮಾತುಗಳ ಮೇಲ್ ಇನ್ನೊಂದು ಬಂತು, ಬೇರೆಯವರ ಕದ್ದ ಖಾತೆಯಿಂದ, ಬೇರೆ ಬ್ಯಾಂಕ್ ನಂಬರಿನ ಜೊತೆ. ಯಾವುದು ನಿಜ ಅಂತ ಯಾರಿಗೂ ಗೊತ್ತಾಗಲಿಲ್ಲ. ಕೊಡಬೇಕೆಂದಿದ್ದವರು ಕೈ ಹಿಂದೆ ತೆಗೆದರು. ರಿಜಿಸ್ಟ್ರಾರ್ ಕಚೇರಿಯಿಂದ ಅದೇ ಮೇಲ್ ಹೋಗಿದ್ದರೆ ಅದನ್ನು ನಂಬುವುದು ಸುಲಭವಾಗಿತ್ತು. ಅನುಮತಿ ಕೇಳಲು ನನಗೆ ಬೇಕಿದ್ದದ್ದು ಅರ್ಧ ಗಂಟೆ. ಇವತ್ತಿಗೂ ಅದು ನನ್ನನ್ನು ಬಿಟ್ಟಿಲ್ಲ.

ಕದ್ದ ಖಾತೆ ಅಂದೆನಲ್ಲ, ಅದು ಹೋದದ್ದು ಹೀಗೆ: "ನಿಮ್ಮ ಮೇಲ್‌ಬಾಕ್ಸ್ ತುಂಬಿದೆ, ಪಾಸ್‌ವರ್ಡ್ ಹಾಕಿ ಖಚಿತಪಡಿಸಿ" ಅನ್ನುವ ಲಿಂಕ್. ಅಡ್ಮಿನ್‌ಗೆ ನಿಮ್ಮ ಪಾಸ್‌ವರ್ಡ್ ಬೇಕಾಗುವುದೇ ಇಲ್ಲ, ಅವರೇ ರೀಸೆಟ್ ಮಾಡಬಲ್ಲರು. ಕೇಳಿದರು ಅಂದರೆ ಅವರು ಅಡ್ಮಿನ್ ಅಲ್ಲ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕುಶಾಲನಗರ

ಸೈಬರ್ ಸೆಂಟರಿನಲ್ಲಿ ಪ್ರಿಂಟ್ ತೆಗೆಸಿ ಲಾಗೌಟ್ ಮಾಡದೆ ಬಂದಿದ್ದೆ. ಯಾರೋ ನನ್ನ ಹೆಸರಲ್ಲಿ ಗೈಡ್‌ಗೆ ಹೊಲಸು ಮೇಲ್ ಕಳಿಸಿದರು. ಬೇರೆಯವರ ಪಾಸ್‌ವರ್ಡನ್ನು ಮೋಸಕ್ಕೆ ಬಳಸಿದರೆ ಐಟಿ ಕಾಯ್ದೆಯ 66ಸಿ ಪ್ರಕಾರ 3 ವರ್ಷದ ತನಕ ಜೈಲು ಇದೆ, ನಿಜ. ಆದರೆ ಅದು ನಾನಲ್ಲ ಅಂತ ಸರ್ ಎದುರು ನಿಂತು ಹೇಳುವಾಗ ಆ ಕಾಯ್ದೆ ನೆನಪಿಗೂ ಬರಲಿಲ್ಲ. ಎರಡು ಹಂತದ ಪರಿಶೀಲನೆ (ಪಾಸ್‌ವರ್ಡ್ ಆದಮೇಲೆ ಫೋನಿನಲ್ಲೂ ಖಚಿತಪಡಿಸುವುದು) ಹಾಕಿಕೊಳ್ಳಿ, ಆದರೆ ತೆರೆದುಬಿಟ್ಟ ಪರದೆಗೆ ಅದೂ ಕಾವಲಲ್ಲ.

ಕಕ್ಕಬ್ಬೆ (ಕೇಳಿದವಳು)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನೋಟಿಸಿಗೆ ಉತ್ತರ ಬರೆದೆ, ಸಂಜೆಯೊಳಗೆ "ಸರಿ" ಅಂತ ಬಂತು. ಅಪ್ಪನಿಗೂ ಹೇಳಿದೆ. ಬೈಯಲಿಲ್ಲ, ಗೆಸ್ಟ್‌ಗಳ ಆಧಾರ್ ಎಲ್ಲ ಎಲ್ಲಿವೆ ಅಂತ ಮೊದಲು ಅದನ್ನೇ ಕೇಳಿದರು. ಅಪ್ಪನ ಹೆಸರಲ್ಲಿ ಜಿಮೇಲ್ ಆಯಿತು, ಓನರ್ ಆಗಿ ಸೇರಿಸಿದ್ದೇನೆ, ಈಗ ಏಳು ದಿನ ಕಾಯಬೇಕು. ಒಂದು ಸಂಶಯ ಅಣ್ಣ: ಹಳೇ ಐಡಿಗೆ ಬರುವ ಮೇಲ್ ತಾನಾಗಿ ಅಪ್ಪನಿಗೆ ಹೋಗುವ ಹಾಗೆ ಇಡಬಹುದಾ?

ಗೋಣಿಕೊಪ್ಪದಿಂದ

ಬೇಡ ತಂಗಿ. ಆಟೋ ಫಾರ್ವರ್ಡ್ ಇಟ್ಟರೆ ಪರೀಕ್ಷೆಯ ಮೇಲ್, ಗೈಡ್ ಬರೆದದ್ದು, ಸಹಪಾಠಿಗಳದ್ದು ಎಲ್ಲ ಅಪ್ಪನಿಗೆ ಹೋಗುತ್ತದೆ. ಎಷ್ಟೋ ಕಡೆ ಅದಕ್ಕೆ ಅನುಮತಿಯೂ ಇಲ್ಲ. ಮುಂದಿನ ಬುಕಿಂಗ್ ಇರುವ ಗೆಸ್ಟ್‌ಗಳ ಪಟ್ಟಿ ಮಾಡಿ, ಅಪ್ಪನ ಹೊಸ ಐಡಿಯಿಂದಲೇ ಒಬ್ಬೊಬ್ಬರಿಗೂ ಬರೆಯಿರಿ. ಎರಡು ರೂಮಿನ ಮನೆ, ಒಂದು ಸಂಜೆಯ ಕೆಲಸ. ಏಳು ದಿನ ಆದ ಮೇಲೆ ಪ್ರೈಮರಿ ಓನರ್ ಬದಲಾಯಿಸಲು ಆಗಲಿಲ್ಲ ಅಂದರೆ ಇಲ್ಲೇ ಬರಿ, ನೋಡೋಣ.