ನವನಗರದ ನಮ್ಮ ಸೆಕ್ಟರ್ ಪಾರ್ಕ್ ಒಣಗಿ ನಿಂತಿದೆ, ಎಲ್ಲಿಂದ ಶುರು ಮಾಡಬೇಕು?

ಸೆಕ್ಟರ್_ನಿವಾಸಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಬಾಗಲಕೋಟೆ ನವನಗರದವರು ಸುಮಾರು ಜನ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ನಮ್ಮ ಸೆಕ್ಟರ್‌ನಲ್ಲಿ ಹೆಚ್ಚುಕಡಿಮೆ ಅರ್ಧ ಎಕರೆಯ ಪಾರ್ಕ್ ಇದೆ. ಕೆಲವು ವರ್ಷಗಳ ಹಿಂದೆ ಸುತ್ತ ಕಾಂಪೌಂಡ್ ಕಟ್ಟಿದರು, ವಾಕಿಂಗ್‌ಗೆ ಪೇವರ್ ಹಾಕಿದರು, ಲಾನ್ ಹಾಸಿದರು, ಓಪನ್ ಜಿಮ್ ಕೂಡ ಬಂತು. ಈಗ ಲಾನ್ ಇದ್ದ ಕಡೆ ಬರೀ ಗರಸು, ನಡುನಡುವೆ ಕಾಂಗ್ರೆಸ್ ಕಸ. ಜಿಮ್‌ನಲ್ಲಿ ಕಾಲು ಬೀಸುವ ಮಷಿನ್‌ನ ಒಂದು ಪೆಡಲ್ ಕಳಚಿದೆ. ಬೋಲ್ಟ್ ಇರಬೇಕಾದ ಜಾಗಕ್ಕೆ ಯಾರೋ ತಂತಿ ಸುತ್ತಿದ್ದಾರೆ, ಆ ತಂತಿಯ ತುದಿ ಮಕ್ಕಳ ಮೊಣಕಾಲಿನ ಎತ್ತರಕ್ಕೆ ಹೊರಗೆ ಚಾಚಿದೆ. ಜಾರುಬಂಡಿ ತಗಡಿನದು. ಬ್ಯಾಸಗಿಯಲ್ಲಿ ಸಂಜೆ ಐದಾದರೂ ಅದರ ಮೇಲೆ ಕೈ ಇಡೋಕೆ ಆಗಲ್ಲ. ನೆರಳು ಅಂತ ಇರೋದು ಮೂಲೆಯಲ್ಲಿ ಒಂದೇ ಒಂದು ಬೇವಿನ ಮರ, ಅದನ್ನೂ ಯಾರೂ ನೆಟ್ಟಿದ್ದಲ್ಲ, ತಾನೇ ಹುಟ್ಟಿ ಬೆಳೆದದ್ದು.

ಒಂದು ಕಚೇರಿಗೆ ಹೋದರೆ ಇದು ನಮ್ಮದಲ್ಲ, ಅಲ್ಲಿ ಕೇಳಿ ಅಂತಾರೆ. ಅಲ್ಲಿಗೆ ಹೋದರೆ ಅನುದಾನ ಬಂದಾಗ ನೋಡೋಣ ಅಂತಾರೆ. ಈಗ ಓಣಿಯವರು ಮನೆಮನೆ ಪಟ್ಟಿ ಎತ್ತಿ ನಾವೇ ಹೊಸ ಲಾನ್ ಹಾಕಿಸೋಣ ಅಂತ ಹೊರಟಿದ್ದಾರೆ. ಅವರ ಕಳಕಳಿ ದೊಡ್ಡದು, ಆದರೆ ಆ ದುಡ್ಡು ಮತ್ತೆ ಮಣ್ಣುಪಾಲಾಗುತ್ತದೆ ಅಂತ ನನಗೆ ಭಯ. ಇನ್ನೊಂದು ವಿಷಯ, ಸಂಜೆ ಹುಡುಗರು ಒಳಗೆ ಕ್ರಿಕೆಟ್ ಆಡುತ್ತಾರೆ, ಹಿರಿಯರಿಗೂ ಅವರಿಗೂ ದಿನಾ ಜಗಳ. ಗೇಟಿಗೆ ಬೀಗ ಹಾಕಿಸಿಬಿಡೋಣ ಅನ್ನುವವರೂ ಇದ್ದಾರೆ.

ಮೊದಲು ಏನು ಮಾಡಬೇಕು ಅಂತ ತಿಳಿದವರು ಹೇಳಿ.

ಸೈಟ್_ಇಂಜಿನಿಯರ್

ಪಟ್ಟಿ ಎತ್ತೋದನ್ನು ಸದ್ಯಕ್ಕೆ ನಿಲ್ಲಿಸಿ ಸರ್, ಮೊದಲು ಕಾಗದ ಹಿಡಿಯಿರಿ.

ಸರ್ಕಾರಿ ಕಾಮಗಾರಿಯ ಟೆಂಡರ್‌ನಲ್ಲಿ ದೋಷ ಹೊಣೆಗಾರಿಕೆ ಅವಧಿ ಅಂತ ಒಂದು ಇರುತ್ತದೆ. ಕೆಲಸ ಮುಗಿದ ದಿನದಿಂದ ಇಷ್ಟು ಕಾಲ ಏನೇ ಕೆಟ್ಟರೂ ಗುತ್ತಿಗೆದಾರ ತನ್ನ ಖರ್ಚಿನಲ್ಲೇ ಸರಿ ಮಾಡಿಕೊಡಬೇಕು. ಅದಕ್ಕೆ ಭದ್ರತೆಯಾಗಿ ಅವನ ಠೇವಣಿ ಹಣವನ್ನು ಹಿಡಿದಿಟ್ಟಿರುತ್ತಾರೆ. ಅವಧಿ ಮುಗಿಯೋವರೆಗೆ ಜನ ಸುಮ್ನೆ ಇದ್ದರೆ ಹಣ ವಾಪಸ್ ಹೋಗುತ್ತದೆ, ಆಮೇಲೆ ಆ ಪೆಡಲ್‌ಗೆ ಯಾರೂ ದಿಕ್ಕಿಲ್ಲ. ಜಿಮ್ ಸಾಮಾನಿಗೆ ಬೇರೆ ಟೆಂಡರ್ ಆಗಿದ್ದರೆ ಅದರ ವಾರಂಟಿಯೂ ಬೇರೆ ಇರುತ್ತದೆ. ಹಾಗಾಗಿ ನಿಮ್ಮ ಪಾರ್ಕಿನ ಕೆಲಸ ಯಾವ ತಾರೀಖಿಗೆ ಮುಗಿಯಿತು ಅನ್ನೋದೇ ಈಗ ನಿಮಗೆ ಬೇಕಾದ ಮುಖ್ಯ ಮಾಹಿತಿ.

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು. ಸೆಕ್ಟರ್‌ನ ಲೇಔಟ್ ನಕ್ಷೆ, ಪಾರ್ಕಿನ ಅಳತೆ, ಕಾರ್ಯಾದೇಶ, ಎಸ್ಟಿಮೇಟ್, ಅಳತೆ ಪುಸ್ತಕದ (ಮಾಡಿದ ಕೆಲಸವನ್ನು ಅಳೆದು ಬರೆದಿಡುವ ದಾಖಲೆ) ಪ್ರತಿ, ಕೆಲಸ ಮುಗಿದ ತಾರೀಖು, ನಿರ್ವಹಣೆ ಯಾರಿಗೆ ವಹಿಸಿದ್ದಾರೆ, ಇಷ್ಟು ಕೇಳಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿ ಒಂದೇ ವಿಷಯದ ಮೇಲೆ, 150 ಪದದ ಒಳಗಿರಬೇಕು, ಅದಕ್ಕೇ ಕಥೆ ಬರೆಯಬೇಡಿ, ಕಾಗದದ ಹೆಸರುಗಳನ್ನಷ್ಟೇ ಬರೆಯಿರಿ. ‘ನಮ್ಮದಲ್ಲ’ ಅನ್ನೋ ಮಾತಿಗೂ ಅದೇ ಕಾಯ್ದೆಯಲ್ಲಿ ಮದ್ದಿದೆ. 6(3)ನೇ ಕಲಮಿನ ಪ್ರಕಾರ ಮಾಹಿತಿ ಬೇರೆ ಕಚೇರಿಯಲ್ಲಿದ್ದರೆ ಅರ್ಜಿ ತಗೊಂಡವರೇ ಐದು ದಿನದೊಳಗೆ ಅಲ್ಲಿಗೆ ಕಳಿಸಬೇಕು. ನೀವು ಅಲೆಯಬೇಕಾಗಿಲ್ಲ. ಎರಡು ಕಚೇರಿಗಳ ನಡುವೆ ಯಾರದು ಜವಾಬ್ದಾರಿ ಅಂತ ಬರಹದಲ್ಲಿ ಬಂದರೆ ಅರ್ಧ ಕೆಲಸ ಮುಗಿದಂತೆ.

ನಕ್ಷೆ ಯಾಕೆ ಕೇಳಿ ಅಂದೆ ಅಂದರೆ, ಪಾರ್ಕ್ ಜಾಗ ಪಾರ್ಕಾಗಿಯೇ ಉಳಿಯಬೇಕು ಅನ್ನೋದಕ್ಕೆ ಕರ್ನಾಟಕದಲ್ಲಿ 1985ರ ಕಾಯ್ದೆಯೇ ಇದೆ, ಪಾರ್ಕ್, ಆಟದ ಮೈದಾನ, ಬಯಲು ಜಾಗಗಳನ್ನು ಕಾಪಾಡೋದಕ್ಕೆ ಮಾಡಿದ್ದು. ಬೆಂಗಳೂರಿನಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆ ಕಟ್ಟೋಕೆ ಕೊಟ್ಟಾಗ ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು, 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಒಣಗಿದ ಪಾರ್ಕ್ ಖಾಲಿ ಸೈಟ್ ಥರ ಕಾಣೋಕೆ ಶುರುವಾಗುತ್ತದೆ, ಅದೇ ಅಪಾಯ.

ಉದ್ಯಾನಗಿರಿ_ಹಳೆವಿದ್ಯಾರ್ಥಿ

ಮೇಲಿನವರು ಹೇಳಿದ್ದು ಸರಿ. ನಾನು ಲಾನ್ ಬಗ್ಗೆ ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆ ಪಾರ್ಕುಗಳು ಸಾಯೋದು ಇದರಿಂದಲೇ.

ಬಾಗಲಕೋಟೆಯಲ್ಲಿ ಸರಾಸರಿ ಮಳೆ ವರ್ಷಕ್ಕೆ 600 ಮಿ.ಮೀ. ಕೂಡ ಮುಟ್ಟಲ್ಲ. ಅದರಲ್ಲೂ ಜಾಸ್ತಿ ಬೀಳೋದು ಸೆಪ್ಟೆಂಬರ್ ಆಸುಪಾಸು. ಬ್ಯಾಸಗಿಯಲ್ಲಿ ಲಾನ್ ಹಸಿರಾಗಿರಬೇಕು ಅಂದರೆ ದಿನಕ್ಕೆ ಸುಮಾರು 5 ಮಿ.ಮೀ. ನೀರು ಬೇಕು. ಒಂದು ಚದರ ಮೀಟರ್‌ಗೆ 5 ಲೀಟರ್ ಅಂತ ಲೆಕ್ಕ. ನಿಮ್ಮ ಪಾರ್ಕಿನ ಅರ್ಧಕ್ಕೆ, ಅಂದರೆ ಹತ್ತು ಗುಂಟೆಗೆ ಲಾನ್ ಹಾಕಿದರೂ ಹತ್ತಿರಹತ್ತಿರ 1,000 ಚದರ ಮೀಟರ್, ಅಲ್ಲಿಗೆ ದಿನಕ್ಕೆ 5,000 ಲೀಟರ್. ಒಂದು ಟ್ಯಾಂಕರ್! ದಿನಾ! ವಾರಕ್ಕೆ 35,000 ಲೀಟರ್. ಅದೇ ಐವತ್ತು ಸಸಿ ನೆಟ್ಟರೆ, ಒಂದೊಂದಕ್ಕೆ 20 ಲೀಟರ್‌ನಂತೆ ವಾರಕ್ಕೆರಡು ಸಲ ಹಾಕಿದರೂ 2,000 ಲೀಟರ್ ಸಾಕು. ಮೂರನೇ ವರ್ಷಕ್ಕೆ ಬೇವು, ಹೊಂಗೆ ತಮ್ಮ ನೀರು ತಾವೇ ಹುಡುಕಿಕೊಳ್ಳುತ್ತವೆ. ಲಾನ್ ಹಾಗಲ್ಲ, ಬಾಣಂತಿ ಥರ, ಒಂದು ದಿನವೂ ಬಿಟ್ಟು ಹೋಗೋ ಹಾಗಿಲ್ಲ.

ನಿಮ್ಮ ಮೂಲೆಯ ಬೇವು ಯಾರ ಹಂಗೂ ಇಲ್ಲದೆ ಬೆಳೆದಿದೆ ಅಲ್ವಾ? ಆ ನೆಲಕ್ಕೆ ಏನು ಒಗ್ಗುತ್ತದೆ ಅಂತ ಅದೇ ತೋರಿಸಿದೆ. ಬೇವು, ಹೊಂಗೆ, ಹುಣಸೆ, ನೇರಳೆ, ಬಸರಿ, ಇವನ್ನು ಹಾಕಿ. ಆಲ, ಅರಳಿ ಬೇಕಾದರೆ ಕಾಂಪೌಂಡ್‌ನಿಂದ ದೂರ, ಜಾಗ ಇದ್ದರೆ ಮಾತ್ರ. ಕೊನೊಕಾರ್ಪಸ್ ಅನ್ನೋ ವಿದೇಶಿ ಗಿಡ ಹಾಕೋಣ, ಬೇಗ ಹಸಿರಾಗುತ್ತದೆ ಅಂತ ಯಾರಾದರೂ ಬಂದರೆ ಬೇಡ ಅನ್ನಿ. ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡೋದನ್ನೇ ನಿಷೇಧಿಸಿದೆ.

ನವನಗರದ ಗರಸು ನೆಲದಲ್ಲಿ ಗುಂಡಿ ಸಣ್ಣದಾದರೆ ಬೇರು ಒಳಗೇ ಸುತ್ತಿಕೊಂಡು ಗಿಡ ಕುಗ್ಗುತ್ತದೆ. ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಆಳ ತೆಗೆಸಿ. ಏಪ್ರಿಲ್‌ನಲ್ಲೇ ತೆಗೆದು ಬಿಸಿಲಿಗೆ ಬಿಡಿ. ಹೊರಗಿನಿಂದ ಎರೆ ಮಣ್ಣು ತರಿಸಿ ತಿಪ್ಪೆ ಗೊಬ್ಬರ ಬೆರೆಸಿ ತುಂಬಿ. ಮಿರಗದ ಮಳೆ ಒಂದೆರಡು ಚೆನ್ನಾಗಿ ಬಿದ್ದ ಮೇಲೆ ನೆಡಿ. ಆಳೆತ್ತರದ ಸಸಿ ಸಿಕ್ಕರೆ ಒಳ್ಳೆಯದು, ಮೇಕೆ ಬಾಯಿಗೆ ಎಟುಕಲ್ಲ. ಅರಣ್ಯ ಇಲಾಖೆ ನರ್ಸರಿಯಲ್ಲಿ ರಿಯಾಯಿತಿ ದರಕ್ಕೆ ಸಿಗುತ್ತವೆ, ಮಳೆಗಾಲಕ್ಕೆ ಮುಂಚೆಯೇ ವಿಚಾರಿಸಿ ಇಡಿ. ಇದೇ ಊರಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯ ಇದೆ, 2008ರಿಂದ. ಮಣ್ಣು ಪರೀಕ್ಷೆ, ಗಿಡದ ಆಯ್ಕೆ ಬಗ್ಗೆ ಅಲ್ಲಿ ಹೋಗಿ ಸಲಹೆ ಕೇಳಿ. ಎಷ್ಟೋ ಊರಿಗೆ ಈ ಭಾಗ್ಯ ಇಲ್ಲ.

ಉದುರಿದ ಎಲೆ ಗುಡಿಸಿ ಬೆಂಕಿ ಹಚ್ಚೋದನ್ನು ಮೊದಲು ನಿಲ್ಲಿಸಿ. 2016ರ ಘನತ್ಯಾಜ್ಯ ನಿಯಮದಲ್ಲೇ ಸಾರ್ವಜನಿಕ ಜಾಗದಲ್ಲಿ ಕಸ ಸುಡೋ ಹಾಗಿಲ್ಲ ಅಂತಿತ್ತು. ಆ ಎಲೆಯನ್ನು ಗಿಡದ ಬುಡಕ್ಕೆ ಗೇಣು ದಪ್ಪ ಹಾಸಿದರೆ ನೀರು ಆರೋದು ಎಷ್ಟೋ ಕಡಿಮೆಯಾಗುತ್ತದೆ.

ಘಟಪ್ರಭಾ_ದಂಡೆ

ನಾನು ಗೃಹಿಣಿ, ದಿನಾ ಸಂಜೆ ವಾಕಿಂಗ್ ಹೋಗುವವಳು. ಗಿಡ, ಕಾಗದ ಎಲ್ಲ ಸರಿ, ಆದರೆ ಹೆಣ್ಣುಮಕ್ಕಳು ಆ ಪಾರ್ಕಿಗೆ ಬರುತ್ತಾರಾ ಅಂತ ಯಾರೂ ಕೇಳಲಿಲ್ಲ.

ನಿಮ್ಮ ಕಾಂಪೌಂಡ್ ಎಷ್ಟು ಎತ್ತರ ಇದೆ? ತಲೆ ಮಟ್ಟಕ್ಕೆ ಇಟ್ಟಿಗೆ ಗೋಡೆ ಇದ್ದರೆ ಕತ್ತಲಾದ ಮೇಲೆ ಒಬ್ಬ ಹೆಣ್ಣುಮಗಳೂ ಒಳಗೆ ಕಾಲಿಡಲ್ಲ. ಒಳಗೆ ಏನಾದರೂ ರಸ್ತೆಯವರಿಗೆ ಕಾಣಿಸಬೇಕಲ್ಲ. ಎರಡಡಿ ಗೋಡೆ, ಅದರ ಮೇಲೆ ಗ್ರಿಲ್, ಇಷ್ಟಿದ್ದರೆ ದನವೂ ಬರಲ್ಲ, ಎದುರು ಮನೆಯವರ ಕಣ್ಣೂ ಒಳಗಿರುತ್ತದೆ. ದೀಪ ಕೂಡ ಹಾಗೇ. ಎತ್ತರದ ಒಂದೇ ಹೈಮಾಸ್ಟ್ ಹಾಕಿದರೆ ಮರ ಬೆಳೆದಂತೆ ಅದರ ಬೆಳಕೆಲ್ಲ ಎಲೆ ಮೇಲೇ ನಿಲ್ಲುತ್ತದೆ, ದಾರಿ ಕತ್ತಲು. ಮರದ ಕೊಂಬೆಗಿಂತ ಕೆಳಗೆ, ದಾರಿಯುದ್ದಕ್ಕೂ ಸಣ್ಣ ಕಂಬ ಬೇಕು.

ಮತ್ತೆ ಗೇಟು. ಬೈಕ್ ಬರಬಾರದು ಅಂತ ಸುತ್ತು ಗೇಟ್ ಹಾಕುತ್ತಾರೆ, ನಮ್ಮ ಅತ್ತೆಯವರ ವ್ಹೀಲ್‌ಚೇರ್ ಅದರಲ್ಲಿ ಹೋಗಲ್ಲ. ಅವರು ಹಳೇ ಬಾಗಲಕೋಟೆಯಲ್ಲಿ ಮುಳುಗಡೆಯಾದ ಮನೆಯವರು. ಮನೆ, ಅಂಗಳ, ಹೊಳೆ ದಂಡೆ ಎಲ್ಲ ಆಲಮಟ್ಟಿ ಹಿನ್ನೀರಿಗೆ ಬಿಟ್ಟು ಇಲ್ಲಿಗೆ ಬಂದರು. ಅಂಥವರಿಗಾಗಿಯೇ ಕಟ್ಟಿದ ಊರಿದು, ಚಾರ್ಲ್ಸ್ ಕೊರಿಯಾ ಅವರಂಥ ದೊಡ್ಡ ವಾಸ್ತುಶಿಲ್ಪಿ ಇದರ ಯೋಜನೆಯಲ್ಲಿ ಕೆಲಸ ಮಾಡಿದ್ದಾರೆ. ನಕ್ಷೆಯಲ್ಲಿ ಬಯಲು ಬಿಟ್ಟಿದ್ದು ಅಲಂಕಾರಕ್ಕಲ್ಲ, ಕಳಕೊಂಡವರಿಗೆ ಕೂರೋಕೆ ಒಂದು ಜಾಗ ಇರಲಿ ಅಂತ. ಅದು ಅವರಿಗೆ ಸಲ್ಲಬೇಕಾದ ಪರಿಹಾರದ ಒಂದು ಭಾಗ, ಯಾರೂ ಕೊಟ್ಟ ಉಪಕಾರ ಅಲ್ಲ. ಕಚೇರಿಯಲ್ಲಿ ಮಾತಾಡುವಾಗ ಇದನ್ನು ಗಟ್ಟಿಯಾಗಿ ಹೇಳಿ. ಗೇಟಿನ ಒಂದು ಬದಿ ಕನಿಷ್ಠ 90 ಸೆಂ.ಮೀ. ತೆರವು ಇರಬೇಕು, ಮೆಟ್ಟಿಲಿದ್ದರೆ ಪಕ್ಕಕ್ಕೆ ಇಳಿಜಾರು ಬೇಕು, ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದದ್ದು. ಗಿಡ್ಡ ಮಾಡಿ ಕಡಿದಾಗಿ ಕಟ್ಟಿದರೆ ತಳ್ಳುವವರ ಕೈ ಜಾರುತ್ತದೆ.

ಬೆಂಚಿಗೆ ಬೆನ್ನು ಮತ್ತು ಕೈಹಿಡಿ ಇರಲಿ. ಮಂಡಿ ನೋವಿರುವವರು ಎದ್ದೇಳೋಕೆ ಅದೇ ಆಸರೆ.

ಕಬಡ್ಡಿ_ಕೋಚ್

ಹುಡುಗರ ಬಗ್ಗೆ ಒಂದು ಮಾತು. ಬೀಗ ಹಾಕೋ ಯೋಚನೆ ದಯವಿಟ್ಟು ಬಿಡಿ. ಹುಡುಗರು ಗೋಡೆ ಹಾರಿ ಬರುತ್ತಾರೆ, ಬರದೇ ಉಳಿಯೋರು ವಯಸ್ಸಾದವರು ಮತ್ತು ಸಣ್ಣ ಮಕ್ಕಳ ತಾಯಂದಿರು ಮಾತ್ರ.

ನಮ್ಮ ಜಿಲ್ಲೆಯ ಮತ್ತು ವಿಜಯಪುರದ ಹುಡುಗ ಹುಡುಗಿಯರು ಸೈಕ್ಲಿಂಗ್‌ನಲ್ಲಿ ರಾಷ್ಟ್ರಮಟ್ಟದಲ್ಲಿ ಹೆಸರು ಮಾಡಿದ್ದಾರೆ, ಲಾರಿ ಓಡುವ ರಸ್ತೆಯಲ್ಲೇ ಪ್ರಾಕ್ಟೀಸ್ ಮಾಡಿ. ಗರಡಿ ಮನೆಗಳಿಂದ ಪೈಲ್ವಾನರು ಬಂದಿದ್ದಾರೆ. ಆಟದ ಹಸಿವಿರುವ ಊರಿದು, ಜಾಗ ಮಾತ್ರ ಸಾಲದು. ಅರ್ಧ ಎಕರೆಯಲ್ಲಿ ಲೆದರ್ ಬಾಲ್ ಕ್ರಿಕೆಟ್ ಆಗಲ್ಲ, ಒಪ್ಪುತ್ತೇನೆ. ಆದರೆ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ, ಅಷ್ಟೇ. ಗರಸು ತೆಗೆದು, ಮಣ್ಣು ಜರಡಿ ಹಿಡಿದು ಹಾಕಿ, ನೀರು ಚಿಮುಕಿಸಿ ಹದ ಮಾಡಿದರೆ ಅಂಕಣ ರೆಡಿ. ಜಿಮ್‌ನ ಒಂದು ಮಷಿನ್ ರಿಪೇರಿಗೂ ಅಷ್ಟು ಖರ್ಚಾಗಲ್ಲ. ಹುಡುಗರಿಗೆ ಅವರದೇ ಒಂದು ಮೂಲೆ ಕೊಟ್ಟು, ನೋಡಿಕೊಳ್ಳೋ ಜವಾಬ್ದಾರಿಯನ್ನೂ ಅವರಿಗೇ ಕೊಡಿ. ನಾನು ಕಂಡ ಹಾಗೆ, ತಾವೇ ಹದ ಮಾಡಿದ ಅಂಕಣದಲ್ಲಿ ಬಾಟಲಿ ಒಡೆಯೋಕೆ ಅವರು ಯಾರನ್ನೂ ಬಿಡಲ್ಲ. ಸಸಿಗೆ ನೀರು ಹಾಕೋಕೂ ಅವರೇ ಮುಂದೆ ಬರುತ್ತಾರೆ, ಕರೆದು ಹೇಳುವವರು ಬೇಕು.

ಜಾರುಬಂಡಿ, ಜೋಕಾಲಿ ಕೆಳಗೆ ಪೇವರ್ ಇದ್ದರೆ ಇವತ್ತೇ ಕೀಳಿಸಿ, ಒಂದಡಿ ಮರಳು ತುಂಬಿ. ಬೀಳೋ ಮಗುವಿನ ತಲೆಗೆ ಸಿಮೆಂಟ್ ತಾಗಬಾರದು. ಆ ತಂತಿಯನ್ನಂತೂ ಯಾರ ಅಪ್ಪಣೆಗೂ ಕಾಯದೆ ಇಕ್ಕಳ ತಗೊಂಡು ಹೋಗಿ ತೆಗೆಯಿರಿ.

ಸೆಕ್ಟರ್_ನಿವಾಸಿ

ಎಲ್ಲರಿಗೂ ತುಂಬಾ ಧನ್ಯವಾದ. ಲಾನ್ ಲೆಕ್ಕವನ್ನು ಓಣಿಯ ಗುಂಪಿನಲ್ಲಿ ಹಾಕಿದೆ, ದಿನಕ್ಕೊಂದು ಟ್ಯಾಂಕರ್ ಅಂದ ಕೂಡಲೇ ಬಹಳ ಜನ ಗಿಡದ ಕಡೆ ವಾಲಿದರು. ತಂತಿ ತೆಗೆದು ಆ ಮಷಿನ್ ಅನ್ನು ಹಗ್ಗದಿಂದ ಬಿಗಿದಿದ್ದೇವೆ. ಕಾಂಪೌಂಡ್ ನಿಜಕ್ಕೂ ತಲೆ ಮಟ್ಟಕ್ಕಿದೆ ಅಕ್ಕಾವ್ರೆ. ಸಂಜೆ ಹೆಣ್ಣುಮಕ್ಕಳು ಯಾಕೆ ಬರಲ್ಲ ಅಂತ ನಮ್ಮ ಮನೆಯಲ್ಲೇ ಕೇಳಿದರೆ ನೀವು ಹೇಳಿದ ಉತ್ತರವೇ ಬಂತು.

ಒಂದೇ ಪ್ರಶ್ನೆ ಉಳಿದಿದೆ. ಪಟ್ಟಿ ಎತ್ತಿದ ದುಡ್ಡು ಸ್ವಲ್ಪ ಈಗಾಗಲೇ ಕೂಡಿದೆ. ಅದನ್ನು ಯಾವುದಕ್ಕೆ ಬಳಸಬೇಕು?

ಸೈಟ್_ಇಂಜಿನಿಯರ್

ಮಾಲಿಗೆ. ಬೇರೆ ಯಾವುದಕ್ಕೂ ಬೇಡ.

ಉದ್ಘಾಟನೆ ಆಗುವಂಥ ಕೆಲಸಕ್ಕೆ ಹೇಗೋ ದುಡ್ಡು ಬರುತ್ತದೆ. ನಗರಗಳಿಗಾಗಿ ಕೇಂದ್ರ ಸರ್ಕಾರ ತಂದ ಅಮೃತ್ ಯೋಜನೆಯಲ್ಲೂ 2015ರಲ್ಲಿ ಪಾರ್ಕಿಗಾಗಿ ಒಂದು ಪಾಲು ತೆಗೆದಿಟ್ಟಿದ್ದರು. ಬರದೇ ಇರೋದು ತಿಂಗಳ ಸಂಬಳಕ್ಕೆ, ಪೈಪಿನ ವಾಷರ್‌ಗೆ, ಬಲ್ಬಿಗೆ. ದಿನಾ ಬೆಳಿಗ್ಗೆ ಎರಡು ಗಂಟೆ ಬಂದು ನೀರು ಹಾಕಿ, ಕಸ ತೆಗೆದು, ಬೋಲ್ಟ್ ಸಡಿಲಾಗಿದೆಯಾ ಅಂತ ನೋಡುವ ಒಬ್ಬ ಮನುಷ್ಯ ಇದ್ದರೆ ಪಾರ್ಕ್ ಉಳಿಯುತ್ತದೆ. ಮೊದಲ ಎರಡು ಬ್ಯಾಸಗಿ ಮುಖ್ಯ, ಅಲ್ಲಿವರೆಗೆ ಓಣಿಯ ದುಡ್ಡಲ್ಲಿ ನಡೆಸಿ. ಜೊತೆಗೇ ಅರ್ಜಿಯನ್ನೂ ಬಿಡಬೇಡಿ, ಯಾಕೆಂದರೆ ಇದು ಸರ್ಕಾರದ ಕೆಲಸ, ನಿಮ್ಮ ಜೇಬಿನದಲ್ಲ. ಡಿಸೆಂಬರ್-ಜನವರಿ ಹೊತ್ತಿಗೆ ಬಜೆಟ್ ಪೂರ್ವಭಾವಿ ಸಭೆ ಕರೆಯುತ್ತಾರೆ. ಮುಂದಿನ ಏಪ್ರಿಲ್‌ನಿಂದ ಮಾಲಿ, ನೀರು, ದೀಪ ಈ ಮೂರಕ್ಕೆ ವರ್ಷಕ್ಕೆ ಎಷ್ಟು ಬೇಕು ಅಂತ ಒಂದು ಪುಟದಲ್ಲಿ ಬರೆದು, ಓಣಿಯವರ ಸಹಿ ಹಾಕಿಸಿ, ಅಲ್ಲಿ ಕೊಟ್ಟು ಸ್ವೀಕೃತಿ ತಗೊಳ್ಳಿ. ಹೊಸ ಜಿಮ್ ಕೇಳಬೇಡಿ.

ಉದ್ಯಾನಗಿರಿ_ಹಳೆವಿದ್ಯಾರ್ಥಿ

ಮಾಲಿ ಸಿಕ್ಕ ಮೇಲೆ ತಿಳಿಸಿ. ಒಂದು ಭಾನುವಾರ ಬಂದು ಗುಂಡಿಗಳಿಗೆ ಗುರುತು ಹಾಕಿ ಕೊಡುತ್ತೇನೆ. ನೀರಿನ ಪೈಪ್ ಎಲ್ಲಿ ಹೋಗಿದೆ, ಮಧ್ಯಾಹ್ನದ ಬಿಸಿಲು ಜಾರುಬಂಡಿಗೆ ಯಾವ ಕಡೆಯಿಂದ ಬೀಳುತ್ತದೆ, ಇವೆರಡನ್ನು ನೋಡಿ ಇಟ್ಟಿರಿ. ಮೊದಲ ಮೂರು ಗಿಡ ಅಲ್ಲೇ ಬರಬೇಕು.